ತುಮಕೂರಿನ ಕಂಪನಿಗೆ ಯಾವ ಆಪರೇಟಿಂಗ್ ಸಿಸ್ಟಮ್? ಕಂಪ್ಯೂಟರ್ ಖರ್ಚನ್ನು ಹಿಡಿತಕ್ಕೆ ತರುವ ಸಮಗ್ರ ಮಾರ್ಗದರ್ಶಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸೆಕ್ಯೂರಿಟಿ ಅಪ್‌ಡೇಟ್ ನಿಂತಿತು. ಅದೇ ದಿನ ಮೈಕ್ರೋಸಾಫ್ಟ್ ಆಫೀಸ್ 2016 ಮತ್ತು ಆಫೀಸ್ 2019ರ ಬೆಂಬಲವೂ ಮುಗಿಯಿತು. ಆದರೂ ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದ ಕೈಗಾರಿಕಾ ಪ್ರದೇಶಗಳ ಕಡೆ ಹೋದರೆ ಎಷ್ಟೋ ಆಫೀಸುಗಳಲ್ಲಿ ಇವತ್ತಿಗೂ ಅದೇ ವಿಂಡೋಸ್ 10, ಅದೇ ಹಳೆಯ ಆಫೀಸ್ ಓಡುತ್ತಿವೆ. ಏನು ಮಾಡೋಣ ಅಂತ ಕೇಳಿದರೆ ಎರಡು ಥರದ ಸಲಹೆ ಬರುತ್ತವೆ. ಡೀಲರ್ ಹೇಳುವುದು: "ಎಲ್ಲಾ ಹಳೇದಾಯ್ತು ಸರ್, ಪೂರ್ತಿ ಹೊಸದು ತಗೊಳ್ಳಿ." ಈಗಷ್ಟೇ ಕಾಲೇಜು ಮುಗಿಸಿ ಬಂದ ಹುಡುಗ ಹೇಳುವುದು: "ಲಿನಕ್ಸ್ ಹಾಕಿಬಿಡಿ ಸರ್, ಫ್ರೀ." ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ (ಓಎಸ್).

ಎರಡು ಸಲಹೆಯೂ ಮೆಷಿನ್‌ನಿಂದ ಶುರುವಾಗುತ್ತವೆ. ಶುರುವಾಗಬೇಕಾದ್ದು ಆ ಸೀಟಿನಲ್ಲಿ ಕೂತವರ ಕೆಲಸದಿಂದ. ಯಾರು ಏನು ಮಾಡುತ್ತಾರೆ ಅಂತ ಬರೆದಿಟ್ಟರೆ ಅರ್ಧ ಆಫೀಸಿಗೆ ಯಾವ ಓಎಸ್ ಬೇಕು ಅನ್ನುವುದು ತಾನಾಗಿಯೇ ತೀರ್ಮಾನವಾಗುತ್ತದೆ. ದುಡ್ಡು ಸೋರುವ ಜಾಗವೂ ಆಗಲೇ ಕಾಣುತ್ತದೆ. ಅದು ಬಹಳ ಸಲ ಓಎಸ್‌ನಲ್ಲಿ ಇರುವುದೇ ಇಲ್ಲ. ಯಾರೂ ಬಳಸದ ಸಬ್‌ಸ್ಕ್ರಿಪ್ಶನ್, ಯಾರೂ ನೋಡದ ರಿನ್ಯೂವಲ್, ನಿಧಾನವಾದ ಹಾರ್ಡ್ ಡಿಸ್ಕ್ ಮುಂದೆ ಜನ ಕಾಯುವ ಸಮಯ, ಹೀಗೆ ಎಲ್ಲೆಲ್ಲೋ ಇರುತ್ತದೆ.

20ರಿಂದ 100 ಸೀಟು ಇರುವ, ಒಬ್ಬ ಐಟಿ ಹುಡುಗ ಇರುವ ಅಥವಾ ಅವನೂ ಇಲ್ಲದ ಕಂಪನಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ.

ಹಂತ 1: ಒಂದು ರಿಜಿಸ್ಟರ್ ಮಾಡಿ

ಒಂದು ಎಕ್ಸೆಲ್ ಶೀಟ್ ಸಾಕು. 100 ಸೀಟು ದಾಟಿದರೆ ಜಿಎಲ್‌ಪಿಐ ಅಥವಾ ಓಸಿಎಸ್ ಇನ್ವೆಂಟರಿ ಎಂಬ ಉಚಿತ ಸಾಫ್ಟ್‌ವೇರ್ ನೋಡಬಹುದು. ಅದಕ್ಕಿಂತ ಕಡಿಮೆ ಇದ್ದರೆ ಸುಮ್ನೆ ಅದರ ಹಿಂದೆ ಹೋಗಬೇಡಿ.

ಪ್ರತಿ ಮೆಷಿನ್‌ಗೂ ಇವಿಷ್ಟನ್ನು ಬರೆಯಿರಿ: ಯಾರು ಬಳಸುತ್ತಾರೆ, ಯಾವ ವರ್ಷ ಕೊಂಡದ್ದು, ಪ್ರೊಸೆಸರ್ ಎಷ್ಟನೇ ತಲೆಮಾರಿನದು, ರ‍್ಯಾಮ್ ಎಷ್ಟು, ಹಾರ್ಡ್ ಡಿಸ್ಕೋ ಅದಕ್ಕಿಂತ ವೇಗದ ಎಸ್‌ಎಸ್‌ಡಿಯೋ, ಟಿಪಿಎಂ 2.0 (ವಿಂಡೋಸ್ 11ಕ್ಕೆ ಬೇಕಾದ ಸೆಕ್ಯೂರಿಟಿ ಚಿಪ್) ಇದೆಯೋ ಇಲ್ಲವೋ, ವಿಂಡೋಸ್ ಯಾವ ಆವೃತ್ತಿ, ಅದು ಹೋಮ್ ಎಡಿಶನ್ನೋ ಪ್ರೊ ಎಡಿಶನ್ನೋ, ಅದರ ಬಿಲ್ ಎಲ್ಲಿದೆ. ವಿಂಡೋಸ್ 11ಕ್ಕೆ ಮೆಷಿನ್ ಆಗುತ್ತದೋ ಇಲ್ಲವೋ ತಿಳಿಯಲು ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಅನ್ನುವ ಉಚಿತ ಆ್ಯಪ್ ಇದೆ. ಒಂದೊಂದು ಮೆಷಿನ್‌ನಲ್ಲಿ ಓಡಿಸಿ, ಉತ್ತರವನ್ನು ಶೀಟಿಗೆ ಹಾಕಿ.

ಈ ಕೆಲಸವನ್ನು ಕೂತಲ್ಲೇ ಮಾಡಬೇಡಿ. ಎದ್ದು ಒಂದು ಸುತ್ತು ಹಾಕಿ. ಲಾರಿ ತೂಕ ಹಾಕುವ ವೇಬ್ರಿಡ್ಜ್ ಪಕ್ಕದ ಕೋಣೆಯ ಪಿಸಿ, ಗೇಟಿನ ಸೆಕ್ಯೂರಿಟಿ ಹತ್ತಿರ ಇರುವ ಬಯೊಮೆಟ್ರಿಕ್ ಹಾಜರಾತಿಯ ಪಿಸಿ, ಸ್ಟೋರ್ಸ್‌ನಲ್ಲಿ ಬಾರ್‌ಕೋಡ್ ಹೊಡೆಯುವ ಪಿಸಿ, ಸಿಎನ್‌ಸಿ ಮೆಷಿನ್‌ಗೆ ಪ್ರೋಗ್ರಾಂ ಕಳಿಸುವ ಪಿಸಿ: ಇವು ಯಾರ ಲೆಕ್ಕಕ್ಕೂ ಬಂದಿರುವುದಿಲ್ಲ. ಬದಲಾವಣೆಯ ದಿನ ಕೈಕೊಡುವುದೂ ಇವೇ.

ಅದೇ ಶೀಟಿನಲ್ಲಿ ಇನ್ನೊಂದು ಪುಟ ತೆರೆಯಿರಿ. ಕಂಪನಿ ಪದೇ ಪದೇ ದುಡ್ಡು ಕಟ್ಟುವ ಎಲ್ಲವನ್ನೂ ಅಲ್ಲಿ ಬರೆಯಿರಿ: ಮೇಲ್, ಆಫೀಸ್ ಸಬ್‌ಸ್ಕ್ರಿಪ್ಶನ್, ಆ್ಯಂಟಿವೈರಸ್, ಅಕೌಂಟ್ಸ್ ಸಾಫ್ಟ್‌ವೇರ್ ಟ್ಯಾಲಿಯ ಟಿಎಸ್‌ಎಸ್ (ಅಪ್‌ಡೇಟ್ ಮತ್ತು ಬೆಂಬಲದ ಚಂದಾ), ಕ್ಯಾಡ್ (ಡಿಸೈನ್ ಸಾಫ್ಟ್‌ವೇರ್) ಲೈಸೆನ್ಸ್, ವೆಬ್‌ಸೈಟಿನ ಡೊಮೈನ್ ಹೆಸರು, ಇಂಟರ್‌ನೆಟ್, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ). ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಕ್ರೆಡಿಟ್ ಕಾರ್ಡ್ ಬಿಲ್ಲನ್ನೂ ಅಕೌಂಟ್ಸ್‌ನವರ ಜೊತೆ ಕೂತು 12 ತಿಂಗಳ ಹಿಂದಿನವರೆಗೆ ನೋಡಿ. ನೆನಪಿನಿಂದ ಬರೆದ ಪಟ್ಟಿಗೂ ಬಿಲ್ ನೋಡಿ ಬರೆದ ಪಟ್ಟಿಗೂ ತುಂಬಾ ವ್ಯತ್ಯಾಸ ಇರುತ್ತದೆ.

ಹಂತ 2: ಸೀಟಿನ ಕೆಲಸ ನೋಡಿ, ಓಎಸ್ ಆಮೇಲೆ

ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳಿ: "ಯಾವ ಸಾಫ್ಟ್‌ವೇರ್ ಒಂದು ದಿನ ಇಲ್ಲದಿದ್ದರೆ ನಿಮ್ಮ ಕೆಲಸ ನಿಲ್ಲುತ್ತದೆ?" ಏನೇನು ಬಳಸುತ್ತೀರಿ ಅಂತ ಕೇಳಿದರೆ ಉದ್ದದ ಪಟ್ಟಿ ಬರುತ್ತದೆ. ಯಾವುದು ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಅಂತ ಕೇಳಿದರೆ ನಿಜವಾದ ಉತ್ತರ ಬರುತ್ತದೆ.

ಅಕೌಂಟ್ಸ್ ಸೀಟು. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ: ವಿಂಡೋಸ್ ಇರಲಿ. ಟ್ಯಾಲಿ ಪ್ರೈಮ್ ವಿಂಡೋಸ್‌ಗಾಗಿ ಮಾಡಿದ ಸಾಫ್ಟ್‌ವೇರ್. ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ಓಡಿಸುವ 'ವೈನ್' ಎಂಬ ಸಾಫ್ಟ್‌ವೇರ್ ಮೂಲಕ ಅದನ್ನು ಬಳಸುವವರೂ ಇದ್ದಾರೆ. ಆದರೆ ಮಾರ್ಚ್ ಕೊನೆಯಲ್ಲಿ ಅದು ತೆರೆಯದಿದ್ದರೆ ಯಾರಿಗೆ ಫೋನ್ ಮಾಡುತ್ತೀರಿ? ಜೊತೆಗೆ ಡಿಎಸ್‌ಸಿ ಟೋಕನ್, ಅಂದರೆ ಡಿಜಿಟಲ್ ಸಹಿ ಇರುವ ಯುಎಸ್‌ಬಿ ಸಾಧನ, ಇದೆ. ಜಿಎಸ್‌ಟಿ, ಕಂಪನಿ ವ್ಯವಹಾರಗಳ ಪೋರ್ಟಲ್, ಕೆಪಿಪಿಪಿ (ರಾಜ್ಯ ಸರ್ಕಾರದ ಖರೀದಿ ಪೋರ್ಟಲ್) ಟೆಂಡರ್, ಎಲ್ಲ ಕಡೆಯೂ ಆ ಟೋಕನ್ ಚುಚ್ಚಿ ಸಹಿ ಹಾಕಬೇಕು. ಕೆಲವು ಟೋಕನ್‌ಗಳಿಗೆ ಲಿನಕ್ಸ್ ಡ್ರೈವರ್ ಸಿಗುತ್ತದೆ. ಆದರೆ ಪೋರ್ಟಲ್, ಬ್ರೌಸರ್, ಸಹಿ ಹಾಕುವ ಸಾಫ್ಟ್‌ವೇರ್, ಟೋಕನ್ ನಾಲ್ಕೂ ಒಟ್ಟಿಗೆ ಹೊಂದಬೇಕು. ನಾಲ್ಕಾರು ಸೀಟಿನ ಲೈಸೆನ್ಸ್ ಉಳಿಸಲು ರಿಟರ್ನ್ ಸಲ್ಲಿಸುವ ಕೊನೆಯ ದಿನವನ್ನು ಪಣಕ್ಕಿಡಬೇಡಿ.

ಹಾಗಂತ ಟ್ಯಾಲಿ ನೋಡುವ ಎಲ್ಲರಿಗೂ ವಿಂಡೋಸ್ ಬೇಕಿಲ್ಲ. ಬಾಕಿ ಎಷ್ಟು, ಸ್ಟಾಕ್ ಎಷ್ಟು ಅಂತ ರಿಪೋರ್ಟ್ ನೋಡುವವರಿಗೆ ಬ್ರೌಸರ್‌ನಲ್ಲೇ ನೋಡುವ ಸೌಲಭ್ಯ ಟ್ಯಾಲಿ ಪ್ರೈಮ್‌ನಲ್ಲಿದೆ. ಎಂಟ್ರಿ ಹಾಕುವವರು ಯಾರು, ಬರೀ ನೋಡುವವರು ಯಾರು ಅಂತ ಬೇರೆ ಮಾಡಿ. ಸಿಲ್ವರ್ ಲೈಸೆನ್ಸ್ ಒಬ್ಬರಿಗೆ, ಗೋಲ್ಡ್ ಲೈಸೆನ್ಸ್ ಆಫೀಸಿನ ಒಂದೇ ನೆಟ್‌ವರ್ಕ್‌ನಲ್ಲಿ (ಲ್ಯಾನ್) ಇರುವ ಹಲವರಿಗೆ. ಈ ವಿಂಗಡಣೆ ಮಾಡದೆ ಗೋಲ್ಡ್‌ಗೆ ಹೋಗಬೇಡಿ.

ಡಿಸೈನ್ ಸೀಟು. ಸಾಲಿಡ್‌ವರ್ಕ್ಸ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಆಟೋಕ್ಯಾಡ್ ವಿಂಡೋಸ್ ಮತ್ತು ಮ್ಯಾಕ್‌ಗೆ ಇದೆ, ಲಿನಕ್ಸ್‌ಗೆ ಇಲ್ಲ. ಇಲ್ಲಿ ಚರ್ಚೆ ಬೇಡ.

ಶಾಪ್ ಫ್ಲೋರ್. ಮೆಷಿನ್ ಜೊತೆಗೇ ಬಂದ ಹಳೆಯ ಪಿಸಿಗಳಲ್ಲಿ ವಿಂಡೋಸ್ ಎಕ್ಸ್‌ಪಿ, ವಿಂಡೋಸ್ 7 ಇನ್ನೂ ಇರುತ್ತವೆ. ಎಕ್ಸ್‌ಪಿಯ ಬೆಂಬಲ ಮುಗಿದದ್ದು 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ರದ್ದು 2020ರ ಜನವರಿ 14ಕ್ಕೆ. ಮೆಷಿನ್ ತಯಾರಕರನ್ನು ಕೇಳದೆ ಇವುಗಳ ಓಎಸ್ ಬದಲಿಸಬೇಡಿ. ಕಂಟ್ರೋಲರ್ ಕಾರ್ಡಿನ ಡ್ರೈವರ್ ಹೊಸ ವಿಂಡೋಸ್‌ನಲ್ಲಿ ಸಿಗದಿದ್ದರೆ ಲಕ್ಷಗಟ್ಟಲೆ ಬೆಲೆಯ ಮೆಷಿನ್ ನಿಂತುಬಿಡುತ್ತದೆ. ಬದಲಿಗೆ ಅವನ್ನು ಆಫೀಸಿನ ನೆಟ್‌ವರ್ಕ್‌ನಿಂದ ಬೇರೆ ಮಾಡಿ. ಇಂಟರ್‌ನೆಟ್ ತೆಗೆಯಿರಿ. ಡಿಸ್ಕಿನ ಪೂರ್ತಿ ಇಮೇಜ್, ಅಂದರೆ ಇದ್ದದ್ದು ಇದ್ದಂತೆ ನಕಲು, ತೆಗೆದಿಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ವೈರಸ್ ಜಗತ್ತಿನಾದ್ಯಂತ ಹರಡಿತಲ್ಲ, ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್‌ನಲ್ಲೇ ಕೊಟ್ಟಿತ್ತು. ಅಪ್‌ಡೇಟ್ ಹಾಕದ ಮೆಷಿನ್‌ಗಳಿಂದ ಒಂದೇ ನೆಟ್‌ವರ್ಕ್‌ನ ಉಳಿದ ಮೆಷಿನ್‌ಗಳಿಗೆ ಅದು ತಾನಾಗಿಯೇ ಹರಿಯಿತು. ನಿಮ್ಮ ಎಕ್ಸ್‌ಪಿ ಪಿಸಿಯೂ ಅಕೌಂಟ್ಸ್ ಪಿಸಿಯೂ ಒಂದೇ ಸ್ವಿಚ್‌ಗೆ ಸಿಕ್ಕಿಸಿಕೊಂಡಿದ್ದರೆ ಇವತ್ತೇ ಬಿಡಿಸಿ.

ಮಿಕ್ಕ ಸೀಟುಗಳು. ರಿಸೆಪ್ಷನ್, ಎಚ್‌ಆರ್, ಪರ್ಚೇಸ್, ಡಿಸ್‌ಪ್ಯಾಚ್, ಗುಣಮಟ್ಟ ವಿಭಾಗ. ಮೇಲ್, ಬ್ರೌಸರ್‌ನಲ್ಲಿ ಓಡುವ ಇಆರ್‌ಪಿ (ಖರೀದಿ, ಸ್ಟಾಕ್, ಬಿಲ್ಲಿಂಗ್ ಒಟ್ಟಿಗೆ ನೋಡುವ ಸಾಫ್ಟ್‌ವೇರ್), ವಾಟ್ಸ್‌ಆ್ಯಪ್ ವೆಬ್, ಒಂದಷ್ಟು ಎಕ್ಸೆಲ್, ಪಿಡಿಎಫ್, ಪ್ರಿಂಟ್. ಆಯ್ಕೆ ಮಾಡುವ ಸ್ವಾತಂತ್ರ್ಯ ನಿಜವಾಗಿ ಇರುವುದು ಇಲ್ಲಿ. ಉಳಿತಾಯ ಸಿಗುವುದೂ ಇಲ್ಲೇ.

ಈ ಸೀಟುಗಳಲ್ಲೂ ಮೂರು ವಿಷಯ ಮೊದಲೇ ನೋಡಿ. ಒಂದು, ಎಕ್ಸೆಲ್ ಮ್ಯಾಕ್ರೊ, ಅಂದರೆ ಶೀಟಿನೊಳಗೆ ಬರೆದಿಟ್ಟ ಸಣ್ಣ ಪ್ರೋಗ್ರಾಂ. ಹಿಂದೆ ಇದ್ದ ಯಾರೋ ಬರೆದಿಟ್ಟು ಹೋದ ಮ್ಯಾಕ್ರೊ ಮೇಲೆ ಪೂರ್ತಿ ಸಂಬಳದ ಲೆಕ್ಕ ನಿಂತಿರುತ್ತದೆ. ಉಚಿತ ಆಫೀಸ್ ಸಾಫ್ಟ್‌ವೇರ್ ಆದ ಲಿಬ್ರೆಆಫೀಸ್‌ನಲ್ಲಿ ಸಾಮಾನ್ಯ ಶೀಟುಗಳು ಚೆನ್ನಾಗಿ ತೆರೆಯುತ್ತವೆ, ಮ್ಯಾಕ್ರೊ ಇರುವವು ಕೈಕೊಡಬಹುದು. ಎರಡು, ಪ್ರಿಂಟರ್. ನಮ್ಮ ಕಡೆ ಆಫೀಸು ಆಫೀಸಿನಲ್ಲಿ ಇರುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಲಿನಕ್ಸ್‌ನಲ್ಲಿ ಡ್ರೈವರ್ ಕೂರಿಸುವುದು ತಲೆನೋವಿನ ಕೆಲಸ. ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಬೇರೆ ಪ್ಲಗಿನ್ ಇಳಿಸಿಕೊಳ್ಳಬೇಕು, ಆಮೇಲೆ ಸರಿಯಾಗಿ ಓಡುತ್ತದೆ. ಮೂರನೆಯದು ಕನ್ನಡ. ಅದನ್ನು ಬೇರೆಯಾಗಿಯೇ ಹೇಳಬೇಕು.

ಕನ್ನಡದ ಫೈಲುಗಳನ್ನು ಮರೆಯಬೇಡಿ

ಬೆಂಗಳೂರಿನ ದೊಡ್ಡ ಕಂಪನಿಗಳ ಮಾರ್ಗದರ್ಶಿಯಲ್ಲಿ ಈ ಭಾಗ ಇರುವುದಿಲ್ಲ. ನಮಗೆ ಬೇಕೇ ಬೇಕು. ಗ್ರಾಮ ಪಂಚಾಯಿತಿ, ಕಾರ್ಮಿಕ ಇಲಾಖೆ, ತಾಲ್ಲೂಕು ಕಚೇರಿ ಜೊತೆಗಿನ ಪತ್ರಗಳು, ಕಾರ್ಮಿಕರಿಗೆ ಹಾಕುವ ನೋಟಿಸು, ಸುರಕ್ಷತೆಯ ಸೂಚನೆ, ಎಲ್ಲಾ ಕನ್ನಡದಲ್ಲೇ ಇರುತ್ತವೆ ಅಲ್ವಾ. ಹಳೆಯ ಫೈಲುಗಳಲ್ಲಿ ಬಹುಪಾಲು 'ನುಡಿ' ಅಥವಾ 'ಬರಹ' ಸಾಫ್ಟ್‌ವೇರ್‌ನ ಹಳೆಯ ಫಾಂಟುಗಳಲ್ಲಿ ಇರುತ್ತವೆ. ಇವು ಯೂನಿಕೋಡ್ (ಎಲ್ಲ ಮೆಷಿನ್‌ಗಳೂ ಓದುವ ಅಕ್ಷರ ಸಂಕೇತ) ಅಲ್ಲ. ಆ ಫಾಂಟ್ ಇಲ್ಲದ ಮೆಷಿನ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ಪರಿಹಾರ ಎರಡು ಭಾಗದ್ದು. ಹಳೆಯ ಫೈಲುಗಳನ್ನು ಬರೀ ಓದಲು, ಪ್ರಿಂಟ್ ಹಾಕಲು ಆ ಫಾಂಟ್ ಫೈಲನ್ನು ಹೊಸ ಮೆಷಿನ್‌ಗೆ ಹಾಕಿದರೆ ಸಾಕು, ಅದು ಲಿನಕ್ಸ್ ಆದರೂ ನಡೆಯುತ್ತದೆ. ಪದೇ ಪದೇ ಬದಲಿಸುವ ಫೈಲುಗಳನ್ನು, ಅಂದರೆ ಪತ್ರದ ನಮೂನೆ, ನೋಟಿಸು, ನೇಮಕಾತಿ ಆದೇಶ ಇಂಥವನ್ನು ಮಾತ್ರ ಯೂನಿಕೋಡ್‌ಗೆ ಪರಿವರ್ತಿಸಿ, ಯಾರಾದರೂ ಒಬ್ಬರು ಕೂತು ಓದಿ ನೋಡಲಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಪರಿವರ್ತನೆ ತಪ್ಪುವುದುಂಟು. ಹಳೆಯದೆಲ್ಲವನ್ನೂ ಪರಿವರ್ತಿಸುತ್ತೇನೆ ಅಂತ ಹೊರಟರೆ ಕೆಲಸ ಮುಗಿಯುವುದೇ ಇಲ್ಲ.

ಟೈಪ್ ಮಾಡುವುದು ಇನ್ನೊಂದು ಮಾತು. ನುಡಿಯಲ್ಲಿ ಕೈ ಪಳಗಿದವರು ಕೆಜಿಪಿ ಕೀಲಿ ವಿನ್ಯಾಸ ಬಳಸುತ್ತಾರೆ. ಲಿನಕ್ಸ್‌ನಲ್ಲಿ ಟೈಪಿಂಗ್ ಸಾಫ್ಟ್‌ವೇರ್ ಐಬಸ್ ಜೊತೆಗೆ ಎಂ17ಎನ್ ಪ್ಯಾಕೇಜ್ ಹಾಕಿದರೆ ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಮೂರೂ ಸಿಗುತ್ತವೆ. ಇದನ್ನು ನೀವೇ ಮೊದಲು ಕೂರಿಸಿ ಕೊಡಿ. ಟೈಪಿಸ್ಟ್ ಅಕ್ಕನ ಬೆರಳು ಮೊದಲಿನಂತೆಯೇ ಓಡಿದರೆ ಹೊಸ ಓಎಸ್ ಬಗ್ಗೆ ಅವರ ದೂರು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಫಾಂಟ್ ವಿಷಯವನ್ನೂ ಇಲ್ಲೇ ತೀರ್ಮಾನಿಸಿ. ವಿಂಡೋಸ್‌ನ ತುಂಗಾದಲ್ಲಿ ಮಾಡಿದ ಪತ್ರ ಲಿನಕ್ಸ್‌ನಲ್ಲಿ ತೆರೆದಾಗ ಸಾಲು ಪುಟ ಎಲ್ಲಾ ಹೆಚ್ಚುಕಮ್ಮಿ ಆಗುತ್ತವೆ. ಎರಡೂ ಕಡೆ ನೋಟೊ ಸಾನ್ಸ್ ಕನ್ನಡ ಹಾಕಿ, ಆಫೀಸಿನ ಪತ್ರಗಳಿಗೆ ಅದನ್ನೇ ಬಳಸಿ.

ಹಂತ 3: ಒಂದೊಂದು ಓಎಸ್‌ನ ನಿಜವಾದ ಬೆಲೆ

ವಿಂಡೋಸ್. ಕಂಪನಿಗೆ ಪ್ರೊ ಎಡಿಶನ್ ಬೇಕು. ಹೋಮ್ ಎಡಿಶನ್ ಡೊಮೈನ್‌ಗೆ (ಎಲ್ಲ ಪಿಸಿಗಳನ್ನು ಒಂದೇ ಸರ್ವರ್‌ನಿಂದ ನೋಡಿಕೊಳ್ಳುವ ವ್ಯವಸ್ಥೆ) ಸೇರುವುದಿಲ್ಲ, ಎಲ್ಲ ಪಿಸಿಗೂ ಒಂದೇ ನಿಯಮ ಹಾಕುವ ಗ್ರೂಪ್ ಪಾಲಿಸಿ ಇರುವುದಿಲ್ಲ, ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಳಗೆ ಬರಲಾಗುವುದಿಲ್ಲ. ಅಂಗಡಿಯಲ್ಲಿ ಆಫರ್‌ಗೆ ಸಿಗುವ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಹೋಮ್. ಆಮೇಲೆ ಪ್ರೊಗೆ ಏರಿಸಲು ಬೇರೆ ದುಡ್ಡು. ಕೊಟೇಶನ್ ಕೇಳುವಾಗಲೇ "ವಿಂಡೋಸ್ 11 ಪ್ರೊ, ಕಾರ್ಖಾನೆಯಲ್ಲೇ ಹಾಕಿ ಬಂದದ್ದು" ಅಂತ ಬರೆದು ಕೇಳಿ.

ಮೆಷಿನ್ ಜೊತೆ ಬರುವ ಓಇಎಂ ಲೈಸೆನ್ಸ್ ಆ ಮೆಷಿನ್‌ಗೆ ಅಂಟಿಕೊಂಡದ್ದು. ಮೆಷಿನ್ ಸತ್ತರೆ ಅದೂ ಹೋಯಿತು. ಬೇರೆಯಾಗಿ ಕೊಂಡ ರಿಟೇಲ್ ಲೈಸೆನ್ಸನ್ನು ಇನ್ನೊಂದಕ್ಕೆ ಸಾಗಿಸಬಹುದು. ಹಲವು ಮೆಷಿನ್‌ಗೆ ಒಟ್ಟಿಗೆ ಕೊಳ್ಳುವ ವಿಂಡೋಸ್‌ನ ವಾಲ್ಯೂಮ್ ಲೈಸೆನ್ಸ್ ಬರೀ ಅಪ್‌ಗ್ರೇಡ್, ಅದರ ಕೆಳಗೆ ಮೂಲ ಲೈಸೆನ್ಸ್ ಇರಲೇಬೇಕು. ಡಾಸ್ ಲ್ಯಾಪ್‌ಟಾಪ್ (ವಿಂಡೋಸ್ ಇಲ್ಲದೆ ಮಾರುವುದು) ತಂದು ಯಾರಿಂದಲೋ ವಿಂಡೋಸ್ "ಹಾಕಿಸುವ" ಅಭ್ಯಾಸ ಎಲ್ಲೆಡೆ ಇದೆ. ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಕೀ ಮಾರುವವರೂ ಇದ್ದಾರೆ. ಆ್ಯಕ್ಟಿವೇಟ್ ಆಯಿತು ಅಂದಮಾತ್ರಕ್ಕೆ ಲೈಸೆನ್ಸ್ ಆಯಿತು ಅಂತಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ನಕಲಿ ಸಾಫ್ಟ್‌ವೇರನ್ನು ಗೊತ್ತಿದ್ದೂ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, ₹50,000ದಿಂದ ₹2 ಲಕ್ಷದವರೆಗೆ ದಂಡ ಇದೆ. ದೊಡ್ಡ ಗ್ರಾಹಕರು ನಿಮ್ಮ ಕಾರ್ಖಾನೆಯನ್ನು ಆಡಿಟ್ ಮಾಡಲು ಬಂದಾಗ ಲೈಸೆನ್ಸ್ ಬಿಲ್ ಕೇಳುವುದೂ ಈಗ ಮಾಮೂಲಿ.

ವಿಂಡೋಸ್ 10ರಲ್ಲೇ ಉಳಿಯಬೇಕು ಅಂದರೆ ಕಂಪನಿಗಳಿಗೆ ದುಡ್ಡು ಕೊಟ್ಟು ಪಡೆಯುವ ಇಎಸ್‌ಯು (ಬೆಂಬಲ ಮುಗಿದ ಮೇಲಿನ ಸೆಕ್ಯೂರಿಟಿ) ಅಪ್‌ಡೇಟ್ ಇದೆ. ಮೊದಲ ವರ್ಷಕ್ಕೆ ಒಂದು ಮೆಷಿನ್‌ಗೆ 61 ಡಾಲರ್, ಎರಡನೇ ವರ್ಷ 122, ಮೂರನೇ ವರ್ಷ 244. ಒಟ್ಟು 427 ಡಾಲರ್. ಎರಡನೇ ವರ್ಷ ಸೇರುತ್ತೇನೆ ಅಂದರೆ ಮೊದಲ ವರ್ಷದ್ದನ್ನೂ ಕಟ್ಟಬೇಕು. ಮೂರು ವರ್ಷದ ದುಡ್ಡಿಗೆ ಹೊಸ ಮೆಷಿನ್‌ನ ದೊಡ್ಡ ಪಾಲು ಬರುತ್ತದೆ. ಹಾಗಾಗಿ ಇದು ಒಂದು ವರ್ಷ ಸಮಯ ಕೊಳ್ಳುವ ದಾರಿ ಮಾತ್ರ. ವಿಂಡೋಸ್ 10ನ್ನು ಬಿಡಲಾಗದ ಎರಡು ಮೂರು ಮೆಷಿನ್‌ಗೆ ಸರಿ, ಇಡೀ ಆಫೀಸಿಗೆ ಬೇಡ.

ಲಿನಕ್ಸ್. ಓಎಸ್‌ಗೆ ದುಡ್ಡಿಲ್ಲ. ಕೂರಿಸುವುದು, ಕಲಿಸುವುದು, ಕೆಟ್ಟಾಗ ನೋಡುವುದು ಇವಕ್ಕೆ ದುಡ್ಡಿದೆ. ಆಫೀಸಿಗೆ ದೀರ್ಘಾವಧಿ ಬೆಂಬಲದ ಆವೃತ್ತಿಯನ್ನೇ ಹಾಕಿ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 24.04ಕ್ಕೂ ಅದರ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್ 22ಕ್ಕೂ 2029ರವರೆಗೆ ಅಪ್‌ಡೇಟ್ ಇದೆ. ಉಬುಂಟುವಿನ ಮಧ್ಯದ ಆವೃತ್ತಿಗಳಿಗೆ 9 ತಿಂಗಳು ಮಾತ್ರ, ಅವನ್ನು ಮುಟ್ಟಬೇಡಿ. ವಿಂಡೋಸ್‌ನಿಂದ ಬರುವವರಿಗೆ ನಾನು ಮಿಂಟ್ ಕೊಡುತ್ತೇನೆ. ಕೆಳಗೆ ಟಾಸ್ಕ್‌ಬಾರ್, ಮೂಲೆಯಲ್ಲಿ ಮೆನು, ಕಣ್ಣಿಗೆ ಪರಿಚಿತ ಅನ್ನಿಸುತ್ತದೆ. ಒಂದು ಆಫೀಸಿನಲ್ಲಿ ಒಂದೇ ಬಗೆಯ ಲಿನಕ್ಸ್ ಇರಲಿ. ಐಟಿ ಹುಡುಗನ ಇಷ್ಟಕ್ಕೆ ಬಿಟ್ಟರೆ ಸೀಟಿಗೊಂದು ಬಗೆ ಆಗುತ್ತದೆ, ಅವನು ಕೆಲಸ ಬಿಟ್ಟ ದಿನ ನೋಡುವವರೇ ಇರುವುದಿಲ್ಲ.

ಹಾಗಾಗಿ ಲಿನಕ್ಸ್ ಹಾಕುವ ಮೊದಲು ಕೇಳಬೇಕಾದ್ದು "ಇದನ್ನು ತುಮಕೂರಿನಲ್ಲಿ ಯಾರು ನೋಡುತ್ತಾರೆ?" ಅಂತ. ಬೆಂಗಳೂರಿನಿಂದ ಎಂಜಿನಿಯರ್ ಬರಬೇಕು ಅಂದರೆ 70 ಕಿಲೋಮೀಟರ್, ಬರುವುದು ಹೋಗುವುದು ಅವರ ಒಂದು ದಿನ, ಆ ಬಿಲ್ ನಿಮ್ಮದು. ನಮ್ಮೂರಲ್ಲೇ ಎಂಜಿನಿಯರಿಂಗ್ ಕಾಲೇಜುಗಳಿವೆ. 1963ರಿಂದ ಇರುವ ಸಿದ್ಧಗಂಗಾ ತಾಂತ್ರಿಕ ಕಾಲೇಜೂ ಇದೆ. ಲಿನಕ್ಸ್ ಬಲ್ಲ ಹುಡುಗ ಹುಡುಗಿಯರು ಅಲ್ಲಿಂದ ಪ್ರತಿ ವರ್ಷ ಹೊರಬರುತ್ತಾರೆ. ಒಬ್ಬರಿಗೆ ಇಂಟರ್ನ್‌ಶಿಪ್ ಕೊಟ್ಟು ಸಂಬಳವನ್ನೂ ಕೊಡಿ, ಬಿಟ್ಟಿ ದುಡಿಸಬೇಡಿ. ಮಾಡಿದ್ದೆಲ್ಲವನ್ನೂ ಬರೆದಿಡಲು ಹೇಳಿ.

ಕ್ರೋಮ್ ಓಎಸ್ ಫ್ಲೆಕ್ಸ್. ಗೂಗಲ್‌ನ ಈ ಓಎಸ್ ಅನ್ನು ಹಳೆಯ ಪಿಸಿಗೆ ಉಚಿತವಾಗಿ ಹಾಕಬಹುದು, 4 ಜಿಬಿ ರ‍್ಯಾಮ್ ಸಾಕು. ಬ್ರೌಸರ್ ಬಿಟ್ಟು ಬೇರೇನೂ ಬೇಡ ಅನ್ನುವ ಸೀಟಿಗೆ, ಅಂದರೆ ರಿಸೆಪ್ಷನ್ ಅಥವಾ ಟ್ರೈನಿಂಗ್ ರೂಮಿಗೆ ಚೆನ್ನ. ಆ್ಯಂಡ್ರಾಯ್ಡ್ ಆ್ಯಪ್ ಇದರಲ್ಲಿ ಓಡುವುದಿಲ್ಲ. ಎಲ್ಲ ಮೆಷಿನ್‌ಗಳನ್ನೂ ಒಂದೇ ಕಡೆಯಿಂದ ನಿಯಂತ್ರಿಸಬೇಕಾದರೆ ಬೇರೆ ಲೈಸೆನ್ಸ್ ಕೊಳ್ಳಬೇಕು.

ಮ್ಯಾಕ್. ಡಿಸೈನ್, ವಿಡಿಯೊ ಕೆಲಸಕ್ಕೆ ಕೇಳಿದರೆ ಕೊಡಿ. ಒಂದೇ ಎಚ್ಚರಿಕೆ: ಇಂಟೆಲ್ ಚಿಪ್‌ನ ಸೆಕೆಂಡ್ ಹ್ಯಾಂಡ್ ಮ್ಯಾಕ್ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. ಮ್ಯಾಕ್ ಓಎಸ್ 26 ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯ ಆವೃತ್ತಿ ಅಂತ ಆ್ಯಪಲ್ 2025ರಲ್ಲೇ ಹೇಳಿದೆ.

ಸರ್ವರ್. ವಿಂಡೋಸ್ ಸರ್ವರ್‌ಗೆ ಪ್ರೊಸೆಸರ್‌ನ ಕೋರ್ ಲೆಕ್ಕದಲ್ಲಿ ದುಡ್ಡು, ಕನಿಷ್ಠ 16 ಕೋರ್. ಅದರ ಮೇಲೆ ಪ್ರತಿ ಬಳಕೆದಾರನಿಗೋ ಮೆಷಿನ್‌ಗೋ ಸಿಎಎಲ್ (ಸರ್ವರ್ ಬಳಸುವ ಲೈಸೆನ್ಸ್) ಬೇರೆ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹಲವರು ಒಟ್ಟಿಗೆ ಟ್ಯಾಲಿ ಬಳಸಬೇಕಾದರೆ ಅದಕ್ಕೆ ಇನ್ನೊಂದು ಸಿಎಎಲ್. ಬರೀ ಫೈಲ್ ಹಂಚಿಕೊಳ್ಳಲು ಇಷ್ಟೆಲ್ಲಾ ಖರ್ಚು ಯಾಕೆ? ಡೆಬಿಯನ್ ಎಂಬ ಲಿನಕ್ಸ್ ಮೇಲೆ ಫೈಲ್ ಹಂಚುವ ಸಾಂಬಾ ಸಾಫ್ಟ್‌ವೇರ್ ಹಾಕಿದರೆ ವಿಂಡೋಸ್ ಮೆಷಿನ್‌ಗಳು ಮೊದಲಿನಂತೆಯೇ ಶೇರ್ ಫೋಲ್ಡರ್ ನೋಡುತ್ತವೆ, ಸಿಎಎಲ್ ಬೇಕಿಲ್ಲ. ನನ್ನನ್ನು ಕೇಳಿದರೆ ಲಿನಕ್ಸ್ ಮೊದಲು ಬರಬೇಕಾದ್ದು ಇಲ್ಲಿಗೆ. ಬಳಸುವವರಿಗೆ ಬದಲಾವಣೆ ಗೊತ್ತೇ ಆಗುವುದಿಲ್ಲ.

ಹಂತ 4: ಮೆಷಿನ್‌ಗಳನ್ನು ಮೂರು ಗುಂಪು ಮಾಡಿ

ಮೊದಲ ಗುಂಪು: ಇಂಟೆಲ್ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು, ಟಿಪಿಎಂ 2.0 ಇದೆ. ವಿಂಡೋಸ್ 11ಕ್ಕೆ ಏರಿಸಿ. ವಿಂಡೋಸ್ 10 ಅಸಲಿ ಲೈಸೆನ್ಸ್ ಇದ್ದರೆ ಅಪ್‌ಗ್ರೇಡ್ ಉಚಿತ. ಟಿಪಿಎಂ ಇಲ್ಲ ಅಂತ ತೋರಿಸಿದರೆ ಒಮ್ಮೆ ಬಯೋಸ್ (ಮೆಷಿನ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ಒಳಗೆ ಹೋಗಿ ನೋಡಿ. ಎಷ್ಟೋ ಮೆಷಿನ್‌ಗಳಲ್ಲಿ ಅದು ಇರುತ್ತದೆ, ಆಫ್ ಆಗಿರುತ್ತದೆ ಅಷ್ಟೇ.

ಎರಡನೇ ಗುಂಪು: ಅದಕ್ಕಿಂತ ಹಳೆಯದು, ಆದರೆ ಗಟ್ಟಿಯಾಗಿದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ರ‍್ಯಾಮ್ 8 ಜಿಬಿ ಮಾಡಿ, ಲಿನಕ್ಸ್ ಅಥವಾ ಫ್ಲೆಕ್ಸ್ ಹಾಕಿ, ಹಂತ 2ರ "ಮಿಕ್ಕ ಸೀಟು"ಗಳಿಗೆ ಕೊಡಿ. ಕಡಿಮೆ ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸ ಕೊಡುವುದು ಎಸ್‌ಎಸ್‌ಡಿ. ಬೆಳಿಗ್ಗೆ ಆನ್ ಮಾಡಿ ಕಾಫಿಗೆ ಹೋಗಿ ಬರುವಷ್ಟು ಹೊತ್ತು ಹಿಡಿಯುತ್ತಿದ್ದ ಮೆಷಿನ್ ಅರ್ಧ ನಿಮಿಷದಲ್ಲಿ ಎದ್ದು ಕೂರುತ್ತದೆ. ನಿರ್ಬಂಧ ತಪ್ಪಿಸಿ ಇವುಗಳಿಗೆ ವಿಂಡೋಸ್ 11 ಹಾಕುವ ಉಪಾಯಗಳು ಓಡಾಡುತ್ತಿವೆ. ಮನೆಯಲ್ಲಿ ಬೇಕಾದರೆ ಪ್ರಯೋಗ ಮಾಡಿ. ಆಫೀಸಿನಲ್ಲಿ ಬೇಡ, ಮುಂದಿನ ಅಪ್‌ಡೇಟ್ ಬರುತ್ತದೆ ಅನ್ನುವ ಖಾತರಿ ಅಲ್ಲಿ ಇಲ್ಲ.

ಮೂರನೇ ಗುಂಪು: ಮದರ್‌ಬೋರ್ಡ್ ಹೋಗುತ್ತಿರುವುದು, 2 ಜಿಬಿ ರ‍್ಯಾಮಿನದ್ದು, ಬಿಡಿಭಾಗ ಸಿಗದದ್ದು. ಬಿಟ್ಟುಬಿಡಿ.

ಹೊಸದು ಕೊಳ್ಳುವಾಗ ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ ಅನ್ನುವ ಪ್ರಶ್ನೆ ಬರುತ್ತದೆ. ಕರೆಂಟ್ ಹೋಗಿ ಬರುವ ಕಡೆ ಲ್ಯಾಪ್‌ಟಾಪ್ ತನ್ನದೇ ಬ್ಯಾಟರಿ ಹೊತ್ತು ತರುತ್ತದೆ. ಯುಪಿಎಸ್ ಮೇಲಿನ ಹೊರೆ ಇಳಿಯುತ್ತದೆ, ಅದರ ಬ್ಯಾಟರಿ ಬದಲಿಸುವ ಖರ್ಚೂ ಇಳಿಯುತ್ತದೆ. ಮಾನಿಟರ್ ಸೇರಿ ಡೆಸ್ಕ್‌ಟಾಪ್ 100 ವ್ಯಾಟ್ ಎಳೆಯುತ್ತದೆ ಅಂತ ಹಿಡಿದರೆ ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನಕ್ಕೆ 240 ಯೂನಿಟ್. ಲ್ಯಾಪ್‌ಟಾಪಿಗೆ 30 ವ್ಯಾಟ್ ಹಿಡಿದರೆ 72 ಯೂನಿಟ್. ನಿಮ್ಮ ಬೆಸ್ಕಾಂ ಬಿಲ್ಲಿನ ದರದಿಂದ ಗುಣಿಸಿ, ಸೀಟಿನ ಸಂಖ್ಯೆಯಿಂದ ಗುಣಿಸಿ. ಆಮೇಲೆ ರಿಪೇರಿ ನೋಡಿ. ಡೆಸ್ಕ್‌ಟಾಪಿನ ಬಿಡಿಭಾಗ ಊರಲ್ಲೇ ಸಿಗುತ್ತದೆ, ಇಲ್ಲದಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಮಾರನೇ ದಿನ ಬರುತ್ತದೆ. ಲ್ಯಾಪ್‌ಟಾಪಿನ ಪರದೆ ಹೋದರೆ ದುಬಾರಿ. ಧೂಳಿರುವ ಶಾಪ್ ಫ್ಲೋರಿಗೆ ಡೆಸ್ಕ್‌ಟಾಪ್, ಆಫೀಸಿಗೆ ಲ್ಯಾಪ್‌ಟಾಪ್, ಇದು ನನ್ನ ಒಲವು.

ಹಂತ 5: ಐದು ವರ್ಷದ ಲೆಕ್ಕ ಹಾಕಿ

ಕೊಂಡ ದಿನದ ಬೆಲೆ ನೋಡಿ ತೀರ್ಮಾನ ಮಾಡಬೇಡಿ. ಸಬ್‌ಸ್ಕ್ರಿಪ್ಶನ್ ಅಂದರೆ ಬಾಡಿಗೆ ಮನೆ ಇದ್ದ ಹಾಗೆ. ಮುಂಗಡ ಕಡಿಮೆ, ಆದರೆ ಖಾಲಿ ಕೋಣೆಗೂ ಬಾಡಿಗೆ ನಡೆಯುತ್ತಲೇ ಇರುತ್ತದೆ.

ಒಂದು ಉದಾಹರಣೆ. ಇಲ್ಲಿನ ದರಗಳು ಲೆಕ್ಕಕ್ಕಾಗಿ ನಾನು ಹಿಡಿದವು, ನಿಮ್ಮ ಕೊಟೇಶನ್‌ನ ಅಂಕಿ ಹಾಕಿಕೊಳ್ಳಿ. 40 ಜನರ ಕಂಪನಿ, ಎಲ್ಲರಿಗೂ ತಿಂಗಳಿಗೆ ₹700ರ ಆಫೀಸ್ ಸಬ್‌ಸ್ಕ್ರಿಪ್ಶನ್ ಇದೆ ಅನ್ನಿ. ವರ್ಷಕ್ಕೆ ₹3,36,000. ಹಂತ 2ರ ಪಟ್ಟಿ ನೋಡಿದರೆ ಪೂರ್ತಿ ಎಕ್ಸೆಲ್ ನಿಜವಾಗಿ ಬೇಕಿರುವುದು 14 ಜನರಿಗೆ. ಮಿಕ್ಕ 26 ಜನರಿಗೆ ಮೇಲ್ ಮತ್ತು ಲಿಬ್ರೆಆಫೀಸ್ ಸಾಕು. ಮೇಲ್‌ಗೆ ತಿಂಗಳಿಗೆ ₹150 ಹಿಡಿಯಿರಿ. 14 ಜನರದ್ದು ₹1,17,600, 26 ಜನರದ್ದು ₹46,800, ಒಟ್ಟು ₹1,64,400. ವರ್ಷಕ್ಕೆ ₹1,71,600 ಉಳಿಯಿತು. ಓಎಸ್ ಯಾವುದು ಅಂತ ಇಲ್ಲಿ ಮಾತೇ ಎತ್ತಲಿಲ್ಲ, ನೋಡಿ.

ಈಗ ಇನ್ನೊಂದು ಬದಿಯನ್ನೂ ಅಷ್ಟೇ ಪ್ರಾಮಾಣಿಕವಾಗಿ ಬರೆಯಿರಿ. ಆ 26 ಜನ ಹೊಸದಕ್ಕೆ ಒಗ್ಗಿಕೊಳ್ಳುವ ಮೊದಲ ತಿಂಗಳು ದಿನಕ್ಕೆ ಅರ್ಧ ಗಂಟೆ ಕಳೆದುಕೊಂಡರೆ 25 ದಿನಕ್ಕೆ 325 ಗಂಟೆ. ಗಂಟೆಗೆ ₹150ರಂತೆ ₹48,750. ಇದು ಒಮ್ಮೆ ಆಗುವ ಖರ್ಚು. ಉಳಿತಾಯ ಪ್ರತಿ ವರ್ಷದ್ದು. ಹಾಗಾಗಿ ಮಾಡುವುದು ಲಾಭ. ಆದರೆ ಈ ₹48,750ನ್ನು ಬರೆಯದೆ ಓನರ್ ಮುಂದೆ ಹೋಗಬೇಡಿ. ಮೊದಲ ವಾರ ದೂರು ಬಂದಾಗ ಅವರಿಗೆ ಇದು ಮೊದಲೇ ಗೊತ್ತಿರಬೇಕು.

ತೆರಿಗೆಯ ಲೆಕ್ಕವನ್ನೂ ಸೇರಿಸಿ. ಕಂಪ್ಯೂಟರ್, ಸಾಫ್ಟ್‌ವೇರ್ ಎರಡಕ್ಕೂ ಶೇ 18 ಜಿಎಸ್‌ಟಿ. ಕಂಪನಿಯ ಜಿಎಸ್‌ಟಿ ನಂಬರ್ ಹಾಕಿ ಬಿಲ್ ಪಡೆದರೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ನಂಬರ್ ಇಲ್ಲದೆ ಆನ್‌ಲೈನ್‌ನಲ್ಲಿ ಕೊಂಡರೆ ಆ ದುಡ್ಡು ಹೋಯಿತು. ಆದಾಯ ತೆರಿಗೆಯಲ್ಲಿ ಕಂಪ್ಯೂಟರ್‌ಗೆ ಶೇ 40 ಸವಕಳಿ. ₹50,000ದ ಮೆಷಿನ್ ಪುಸ್ತಕದಲ್ಲಿ ಮೊದಲ ವರ್ಷದ ಕೊನೆಗೆ ₹30,000, ಆಮೇಲೆ ₹18,000, ಆಮೇಲೆ ₹10,800. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದರೆ ಆ ವರ್ಷ ಅರ್ಧ ಸವಕಳಿ ಮಾತ್ರ. ಹೇಗೂ ಕೊಳ್ಳಲೇಬೇಕು ಅಂತಾದರೆ ಸೆಪ್ಟೆಂಬರ್ ಒಳಗೆ ಕೊಳ್ಳಿ.

ಹಂತ 6: ಕೆಲವೇ ಸೀಟಿನಲ್ಲಿ ಪರೀಕ್ಷೆ ಮಾಡಿ

ಮೊದಲು ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಬೂಟ್ ಮಾಡಿ ನೋಡಿ. ಡಿಸ್ಕಿಗೆ ಏನೂ ಬರೆಯದೆಯೇ ವೈಫೈ, ಸೌಂಡ್, ಪ್ರಿಂಟರ್ ಓಡುತ್ತವೋ ಇಲ್ಲವೋ ಗೊತ್ತಾಗುತ್ತದೆ. ಆಮೇಲೆ ಬೇರೆ ಬೇರೆ ವಿಭಾಗದ ನಾಲ್ಕೈದು ಜನರನ್ನು ಆರಿಸಿ. ಅವರಲ್ಲಿ ಒಬ್ಬರಾದರೂ ಕಂಪ್ಯೂಟರ್ ಅಂದರೆ ಅಷ್ಟಕ್ಕಷ್ಟೇ ಅನ್ನುವವರು ಇರಲಿ. ತಿಂಗಳ ಕೊನೆಯೊಂದು ಅದರೊಳಗೆ ಬರುವಂತೆ ಸಮಯ ಇಡಿ, ಯಾಕೆಂದರೆ ಸಂಬಳ, ಸ್ಟಾಕ್, ಬಿಲ್ಲಿಂಗ್ ಎಲ್ಲದರ ಒತ್ತಡ ಬರುವುದು ಆಗಲೇ.

"ಸರ್, ನನ್ನ ಎಕ್ಸೆಲ್ ಎಲ್ಲಿ ಹೋಯ್ತು?" ಅಂತ ಯಾರಾದರೂ ಕೇಳಿದರೆ ಅದನ್ನು ದಡ್ಡತನ ಅಂತ ತಳ್ಳಬೇಡಿ. ಬರೆದುಕೊಳ್ಳಿ. ಡೆಸ್ಕ್‌ಟಾಪ್ ಮೇಲೆ ಹಳೆಯ ಜಾಗದಲ್ಲೇ ಐಕಾನ್ ಇಟ್ಟುಕೊಡಿ. ಲಿಬ್ರೆಆಫೀಸ್ ತಾನಾಗಿಯೇ ಎಕ್ಸೆಲ್ ಮಾದರಿಯಲ್ಲಿ ಸೇವ್ ಮಾಡುವಂತೆ ಸೆಟ್ಟಿಂಗ್ ಬದಲಿಸಿ, ಇಲ್ಲದಿದ್ದರೆ ಗ್ರಾಹಕರಿಗೆ ಅವರ ಬಳಿ ತೆರೆಯದ ಫೈಲ್ ಹೋಗುತ್ತದೆ.

ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್‌ಗೆ ಹೋಗಲು ತೀರ್ಮಾನಿಸಿ, ಸಾವಿರಾರು ಪಿಸಿಗಳನ್ನು ಬದಲಿಸಿ, 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳಲು ಮತ ಹಾಕಿತು. ನಮ್ಮ ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ನಡೆಯುತ್ತಿವೆ. ಕೇರಳದಲ್ಲಿ ಶಿಕ್ಷಕರಿಗೆ ತರಬೇತಿಯೂ ಪಾಠಕ್ಕೆ ಬೇಕಾದ ಸಾಫ್ಟ್‌ವೇರೂ ಓಎಸ್ ಜೊತೆಗೇ ಬಂದವು. ಹೊರಗಿನವರೊಂದಿಗೆ ದಿನಾ ಫೈಲ್ ಕೊಟ್ಟು ತೆಗೆದುಕೊಳ್ಳುವ ಗೋಜು ಶಾಲೆಗಳಿಗೆ ಕಡಿಮೆ. ನಿಮ್ಮ ಆಫೀಸಿನ ಯಾವ ಸೀಟು ಶಾಲೆಯಂತೆ, ಯಾವುದು ನಗರಾಡಳಿತದಂತೆ ಅಂತ ಈ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಹಂತ 7: ಬದಲಾಯಿಸುವ ದಿನ

ಬ್ಯಾಕಪ್ ಮೊದಲು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಆಫೀಸಿನ ಹೊರಗೆ. ಬ್ಯಾಕಪ್ ತೆಗೆದದ್ದಲ್ಲ, ಅದರಿಂದ ಒಂದು ಫೈಲ್ ವಾಪಸ್ ತೆರೆದು ನೋಡಿದ್ದು ಲೆಕ್ಕ. ಒಂದು ವಾರಕ್ಕೆ ಒಂದು ವಿಭಾಗ ಮಾತ್ರ. ಶನಿವಾರ ಮಧ್ಯಾಹ್ನ ಶುರು ಮಾಡಿ, ಸೋಮವಾರ ಬೆಳಿಗ್ಗೆ ಐಟಿಯವರು ಆ ವಿಭಾಗದಲ್ಲೇ ಕೂತಿರಲಿ. ಹಳೆಯ ಡಿಸ್ಕನ್ನು ಒಂದು ತಿಂಗಳು ಹೆಸರು ಬರೆದು ಬೀರುವಿನಲ್ಲಿ ಇಡಿ. ಮಾರ್ಚ್, ಏಪ್ರಿಲ್‌ನಲ್ಲಿ ಅಕೌಂಟ್ಸ್ ವಿಭಾಗವನ್ನು ಮುಟ್ಟಲೇಬೇಡಿ.

ಹಂತ 8: ಖರ್ಚು ಮತ್ತೆ ಏರದಂತೆ

ಖರ್ಚು ಒಮ್ಮೆ ಇಳಿಯುತ್ತದೆ, ಎರಡೇ ವರ್ಷದಲ್ಲಿ ಮತ್ತೆ ಏರುತ್ತದೆ. ತಡೆಯಲು ಮೂರು ಅಭ್ಯಾಸ ಸಾಕು.

ರಿನ್ಯೂವಲ್ ಪಟ್ಟಿಗೆ ಒಬ್ಬರನ್ನು ಹೊಣೆ ಮಾಡಿ, ಪ್ರತಿಯೊಂದಕ್ಕೂ 45 ದಿನ ಮೊದಲು ಫೋನಿನಲ್ಲಿ ನೆನಪಿನ ಗಂಟೆ ಇಡಿ. ಹಿಂದಿನ ದಿನ ನೆನಪಾದರೆ ಚೌಕಾಸಿಗೆ ಜಾಗವೇ ಇರುವುದಿಲ್ಲ. ಮೈಕ್ರೋಸಾಫ್ಟ್‌ನ ವಾರ್ಷಿಕ ಒಪ್ಪಂದದಲ್ಲಿ ಮೊದಲ 7 ದಿನ ಕಳೆದ ಮೇಲೆ ಸೀಟು ಕಡಿಮೆ ಮಾಡಲು ವರ್ಷ ಪೂರ್ತಿ ಕಾಯಬೇಕು. ಜನ ಬಂದು ಹೋಗುವ ವಿಭಾಗಕ್ಕೆ ತಿಂಗಳ ಒಪ್ಪಂದ, ಖಾಯಂ ಇರುವವರಿಗೆ ವಾರ್ಷಿಕ, ಹೀಗೆ ಬೆರೆಸಿ. ದರ ಸ್ವಲ್ಪ ಜಾಸ್ತಿಯಾದರೂ ತಿಂಗಳದ್ದು ಕೆಲವು ಸೀಟಿಗೆ ಅಗ್ಗ ಬೀಳುತ್ತದೆ.

ಕೆಲಸ ಬಿಟ್ಟವರ ಲೈಸೆನ್ಸ್ ಅದೇ ದಿನ ವಾಪಸ್ ಬರಲಿ. ಎಚ್‌ಆರ್‌ನ ಕ್ಲಿಯರೆನ್ಸ್ ಫಾರ್ಮಿನಲ್ಲಿ ಒಂದು ಸಾಲು ಸೇರಿಸಿದರೆ ಆಯಿತು. ಇದು ದುಡ್ಡಿನ ವಿಷಯ ಮಾತ್ರ ಅಲ್ಲ, ಸುರಕ್ಷತೆಯದ್ದೂ ಹೌದು.

ಹೊಸ ಸಾಫ್ಟ್‌ವೇರ್ ಕೊಳ್ಳುವ ಮೊದಲು ಇರುವುದರಲ್ಲಿ ಆಗುತ್ತದೋ ಅಂತ ಒಬ್ಬರು ನೋಡಲಿ. ವಿಭಾಗಕ್ಕೊಂದು ವಿಡಿಯೊ ಮೀಟಿಂಗ್ ಸಾಫ್ಟ್‌ವೇರ್, ಮೂರು ಕಡೆ ಕ್ಲೌಡ್ ಜಾಗ, ಇಂಥವು ಹೀಗೇ ಸೇರಿಕೊಳ್ಳುತ್ತವೆ. ಆ್ಯಂಟಿವೈರಸ್ ಬಗ್ಗೆಯೂ ಕೇಳಿ: ವಿಂಡೋಸ್ ಜೊತೆ ಬರುವ ಡಿಫೆಂಡರ್ ಸಣ್ಣ ಆಫೀಸಿಗೆ ಸಾಲುತ್ತದೋ, ಇಲ್ಲ ಗ್ರಾಹಕರ ಒಪ್ಪಂದದಲ್ಲಿ ಬೇರೆಯದೇ ಬೇಕು ಅಂತ ಇದೆಯೋ?

ಒಂದು ಕಡೆ ಮಾತ್ರ ಕೈ ಬಿಗಿ ಮಾಡಬೇಡಿ: ಅಪ್‌ಡೇಟ್ ಮತ್ತು ಬ್ಯಾಕಪ್. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಸಿಸ್ಟಮ್ ತಾನೇ ಬರೆದಿಡುವ ದಾಖಲೆ) 180 ದಿನ ಇಟ್ಟಿರಬೇಕು. ವರದಿ ಮಾಡುವವರು ಯಾರು ಅಂತ ಇವತ್ತೇ ಹೆಸರು ಬರೆದಿಡಿ.

ಹಂತ 9: ಹಳೆಯ ಮೆಷಿನ್ ಕಳಿಸುವುದು

ಮೂರನೇ ಗುಂಪಿನ ಮೆಷಿನ್‌ಗಳನ್ನು ಗುಜರಿಯವರಿಗೆ ತೂಕಕ್ಕೆ ಹಾಕಬೇಡಿ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ನೋಂದಾಯಿತ ಮರುಬಳಕೆದಾರರಿಗೇ ಕೊಡಿ. ಫೈಲ್ ಡಿಲೀಟ್ ಮಾಡಿದರೆ, ಫಾರ್ಮ್ಯಾಟ್ ಹೊಡೆದರೆ ಡೇಟಾ ಹೋಗುವುದಿಲ್ಲ. ಹಾರ್ಡ್ ಡಿಸ್ಕನ್ನು ಪೂರ್ತಿ ಅಳಿಸುವ ಟೂಲ್‌ನಿಂದ ಅಳಿಸಿ. ಎಸ್‌ಎಸ್‌ಡಿಗೆ ತಯಾರಕರು ಕೊಡುವ ಸೆಕ್ಯೂರ್ ಇರೇಸ್ ಬಳಸಿ. ಎದ್ದೇಳದ ಡಿಸ್ಕಾದರೆ ಬಿಚ್ಚಿ ತೂತು ಹೊಡೆಯಿರಿ. ರ‍್ಯಾಮ್, ಎಸ್‌ಎಸ್‌ಡಿ, ಪವರ್ ಸಪ್ಲೈ ಸರಿ ಇದ್ದರೆ ಎರಡನೇ ಗುಂಪಿನ ಮೆಷಿನ್‌ಗಳಿಗೆ ಬಿಡಿಭಾಗವಾಗಿ ತೆಗೆದಿಟ್ಟುಕೊಳ್ಳಿ. ಮೆಷಿನ್ ತೆಗೆದುಕೊಂಡು ಹೋದವರಿಂದ ರಸೀದಿ ಪಡೆದು, ಅದರ ನಂಬರನ್ನು ರಿಜಿಸ್ಟರ್‌ನ ಅದೇ ಸಾಲಿನಲ್ಲಿ ಬರೆದು, ಆ ಸಾಲನ್ನು ಮುಚ್ಚಿ.